ತೌರಿನ ನೊರೆಹಾಲು

"ಕೆಮ್ಮೋ! ನಮ್ಮಮ್ಮನ ಮುಂದೆ ಕೆಮ್ಮಿದಂಗೆ ಈಗ ನನ್ನ ಮುಂದೆ ಕೆಮ್ಮು, ನೋಡ್ತೀನಿ!"

ಮುನಿರಾಜುವಿನ ಎಡಗೈ ಯಂಕಪ್ಪನ ಕೊರಳಪಟ್ಟಿಯಲ್ಲಿತ್ತು. ಬಲಗೈಯಲ್ಲಿ ನೀರಿನ ಟ್ಯಾಂಕರಿನ ಚಕ್ರ ಬಿಚ್ಚುವ ಪಾನಾ. ಜಿಗಣಿಯ ಕಾರ್ಖಾನೆಗಳ ಹಿಂದುಗಡೆ, ಬಾಗಿಲು ಹಾಕಿ ಬಹಳ ಕಾಲವಾದ ಶೆಡ್ಡು ಅದು. ಹೊರಗೆ ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಕಂಪನಿ ಬಸ್ಸುಗಳ ಹಾರನ್ನಿನ ಗದ್ದಲದಲ್ಲಿ ಒಳಗೊಬ್ಬ ಸತ್ತರೂ ಹೊರಗೆ ಕೇಳುವಂತಿರಲಿಲ್ಲ.

ಯಂಕಪ್ಪ ಕೆಮ್ಮಲಿಲ್ಲ. ಮುನಿರಾಜುವಿಗೆ ಅದೇ ಇನ್ನಷ್ಟು ಉರಿ.

"ಕೆಮ್ಮು ಬರವಲ್ದ್ರೀ ಯಜಮಾನ್ರ. ಸರ್ಕಾರಿ ಗುಳಿಗಿ ಪೂರಾ ನುಂಗೀನಿ. ಈಗ ಆರಾಮ ಅದೀನಿ."

"ನೀನು ಆರಾಮಾದೆ. ನಮ್ಮಮ್ಮ ಮಣ್ಣಾದ್ಲು."

ಬೊಮ್ಮಸಂದ್ರದ ಅನುಸೂಯಮ್ಮ ಕ್ಷಯದಿಂದ ಸತ್ತು ಹತ್ತು ತಿಂಗಳಾಗುತ್ತ ಬಂದಿತ್ತು. ಅವಳ ಮನೆಯ ಹಿಂದಿನ ವಠಾರದ ಕೊನೇ ರೂಮಿನಲ್ಲಿ ಬಾಡಿಗೆಗಿದ್ದವನು ಈ ಯಂಕಪ್ಪ. ಕುಷ್ಟಗಿ ಕಡೆಯಿಂದ ಬಂದು ಔಷಧಿ ಕಾರ್ಖಾನೆಗೆ ಸೇರಿದ್ದವನು, ಆಗ ಹಗಲೂ ರಾತ್ರಿ ಕೆಮ್ಮುತ್ತಿದ್ದವನು. ತಾಯಿಗೆ ಕ್ಷಯ ಅಂತ ಗೊತ್ತಾದ ದಿನವೇ ಮುನಿರಾಜು ಅವನ ಪಾತ್ರೆಪಡಗ ಬೀದಿಗೆ ಎಸೆದಿದ್ದ. ತಾಯಿಗೆ ಮಣ್ಣು ಹಾಕಿದ ದಿನ, ಅವಳನ್ನು ಕೊಂದವರನ್ನು ಮುಗಿಸುವ ತನಕ ಗಡ್ಡ ತೆಗೆಯುವುದಿಲ್ಲ, ವರ್ಷದ ಎಡೆ ಇಡುವುದಿಲ್ಲ ಎಂದು ಆಣೆ ಮಾಡಿದ್ದ. ಗಡ್ಡ ಎದೆ ಮುಟ್ಟುತ್ತಿತ್ತು.

ಪಾನಾ ಮೇಲೆದ್ದಿತು.

ಅಷ್ಟರಲ್ಲಿ ಷಟರ್ ಕಿರುಗುಟ್ಟಿ ಸೊಂಟದೆತ್ತರಕ್ಕೆ ನಿಂತಿತು. ಅದರಡಿಯಿಂದ ಉಸ್ಸಪ್ಪಾ ಎನ್ನುತ್ತ ಮಹಾಲಕ್ಷ್ಮಿ ತೂರಿಕೊಂಡು ಬಂದಳು. ಪೊಲೀಸ್ ಕೆಲಸ ಬಿಟ್ಟು, ಎಲೆಕ್ಟ್ರಾನಿಕ್ ಸಿಟಿಯ ಬೇಕರಿಯೊಂದರ ಮಹಡಿಯಲ್ಲಿ ಪತ್ತೇದಾರಿ ಆಫೀಸು ಇಟ್ಟವಳು. ಕಂಪನಿ ಸೇರುವವರ ಪೂರ್ವಾಪರ, ಮದುವೆಯಾಗುವವರ ಗುಣನಡತೆ ವಿಚಾರಿಸುವುದು ಅವಳ ದಿನದ ಅನ್ನ. ಯಂಕಪ್ಪನ ವಿಳಾಸ ಪತ್ತೆ ಮಾಡಿಕೊಟ್ಟವಳೂ ಅವಳೇ.

"ಬಿಡಿ ಅವನನ್ನ."

"ಮೇಡಂ, ಹುಡುಕಿಕೊಟ್ರಿ, ನಿಮ್ಮ ಕೆಲಸ ಮುಗೀತು. ಇನ್ನು ನಂದು."

"ಕೊಂದೋರನ್ನ ಹುಡುಕಿ ಅಂದಿದ್ರಿ. ಇವನು ಕೊಂದಿಲ್ಲ. ಆ ಕಬ್ಬಿಣ ಕೆಳಗಿಡಿ. ಮಗಳಿಗೆ ನಾಳೆ ಪರೀಕ್ಷೆ, ನಿಮ್ಮನ್ನ ಜೈಲಿಗೆ ಕಳಿಸೋ ಪುರುಸೊತ್ತು ನಂಗಿಲ್ಲ."

ಮುನಿರಾಜು ಪಾನಾ ಇಳಿಸಲಿಲ್ಲ. ಆದರೆ ಬೀಸಲೂ ಇಲ್ಲ.

"ಕೀಲು ಡಾಕ್ಟರ್ ಭಾನುಪ್ರಕಾಶ್ ಈಗ ಫೋನ್ ಮಾಡಿದ್ರು. ನಿಮ್ಮಮ್ಮಂಗೆ ಅವರು ಕೊಡ್ತಿದ್ದ ಇಂಜೆಕ್ಷನ್ನು ಏನು ಮಾಡ್ತಿತ್ತು, ಹೇಳಿ ನೋಡೋಣ."

ಹೇಳುವುದೇನು, ಅವನು ಕಣ್ಣಾರೆ ಕಂಡಿದ್ದ. ಅನುಸೂಯಮ್ಮನ ಬೆರಳುಗಳು ಕೋಳಿಕಾಲಿನಂತೆ ಮುರುಟಿಕೊಂಡಿದ್ದವು. ಮೈ ಕಾಯಬೇಕಾದ ಪಡೆಯೇ ದಾರಿ ತಪ್ಪಿ ಕೀಲುಗಳ ಮೇಲೆ ಬಿದ್ದಿದೆ, ಈ ಹೊಸ ಔಷಧಿ ಆ ಪಡೆಯನ್ನು ಮಲಗಿಸುತ್ತದೆ ಎಂದಿದ್ದರು ಡಾಕ್ಟರು. ಹಾಗೇ ಆಯಿತು. ಇಂಜೆಕ್ಷನ್ ಶುರುವಾದ ಮೇಲೆ ಒಂದು ದಿನ ಅಮ್ಮ ತಾನೇ ಮುದ್ದೆ ಕಟ್ಟಿ, ತಟ್ಟೆಗಿಟ್ಟು, ತನ್ನ ಅಂಗೈ ತಾನೇ ನೋಡಿಕೊಂಡು ಅತ್ತುಬಿಟ್ಟಿದ್ದಳು.

"ಪಡೆ ಮಲಗಿದ್ರೆ ಕಳ್ಳರಿಗೂ ದಾರಿ ಸಲೀಸು, ಅಂದಿದ್ರು," ಎಂದ ಮುನಿರಾಜು. "ಅದಕ್ಕೇ ಮೊದಲೇ ಎದೆ ಫೋಟೋ ತೆಗೆಸಿದ್ರು, ರಕ್ತ ನೋಡಿದ್ರು. ಕ್ಷಯ ಇರ್ಲಿಲ್ಲ. ಆಮೇಲೆ ಬಂತು. ಇವನಿಂದ!"

"ಆಮೇಲೆ ಬಂದಿದ್ದು ನಿಜ. ನಿಮ್ಮಮ್ಮನ ಹೊಟ್ಟೇಲಿ ತುಂಬಿದ್ದ ನೀರಿಂದ ಬೆಳೆಸಿದ ಕ್ರಿಮೀನ ಲ್ಯಾಬಿನವರು ಎಸೆದಿರಲಿಲ್ಲ. ನಾನು ಕಾಡಿ ಬೇಡಿ ಅದನ್ನ ದೊಡ್ಡ ಲ್ಯಾಬಿಗೆ ಕಳಿಸಿದ್ದೆ. ಮನುಷ್ಯರ ಕೆಮ್ಮಿಂದ ಹರಡೋದು ಒಂದು ಜಾತಿ. ಇದು ಆ ಜಾತಿ ಅಲ್ಲ ಮುನಿರಾಜು. ಇದು ದನದ ಕ್ಷಯ."

ಮುನಿರಾಜುವಿನ ಎಡಗೈ ಸಡಿಲವಾಯಿತು; ಯಂಕಪ್ಪ ಜಾರಿ ನೆಲಕ್ಕೆ ಕುಳಿತ.

"ನಮ್ಮನೇಲಿ ದನ ಎಲ್ಲಿದೆ? ಜಮೀನು ಕಾರ್ಖಾನೆಗೆ ಹೋದ ವರ್ಷಾನೇ ಕೊಟ್ಟಿಗೆ ಒಡೆಸಿ ರೂಮು ಕಟ್ಟಿಸಿದ್ರು ಅಪ್ಪ. ನಾವು ಕುಡಿಯೋದು ಪ್ಯಾಕೆಟ್ ಹಾಲು. ಅದೂ ಉಕ್ಕಿಸಿ, ಆರಿಸಿ."

"ಅದೇ ನನ್ನ ಪ್ರಶ್ನೆ. ರೋಗದ ಹಸುವಿನ ಹಸಿ ಹಾಲು ಕುಡಿದ್ರೆ ಇದು ಬರುತ್ತೆ ಅಂದ್ರು ಡಾಕ್ಟ್ರು. ಕಾಯಿಸಿದ್ರೆ ಬರಲ್ಲ. ಹಸಿ ಹಾಲು ಅವರಿಗೆಲ್ಲಿ ಸಿಕ್ತು?"

ಉತ್ತರ ಬಂದದ್ದು ನೆಲದ ಕಡೆಯಿಂದ.

"ಹಿತ್ತಲಾಗ್ರೀ," ಎಂದ ಯಂಕಪ್ಪ.

ಇಬ್ಬರೂ ತಿರುಗಿದರು. ಅವನು ಹರಿದ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

"ನಾ ರಾತ್ರಿ ಪಾಳಿ ಮುಗಿಸಿ ಬರೂ ಹೊತ್ತಿಗೆ ದಿನಾ ನೋಡ್ತಿದ್ದೆ. ದೊಡ್ಡವ್ವ ಬಟ್ಟಿ ಒಗಿಯೂ ಕಲ್ಲಿನ ಮ್ಯಾಲೆ ಕುಂತು ಚೊಂಬಿಗೆ ಬಾಯಿ ಹಚ್ಚಿ ಗಟಗಟ ಕುಡೀತಿದ್ಲು. ಮೂಗಿನ ತುಂಬ ಬುರುಗು. ನಮ್ಮನಿಯಾಕಿ ಶೇಖವ್ವಗ ಅಂದಿದ್ದೆ, ನೋಡಲೇ, ಮುದುಕಿ ಕರುವಿನಂಗ ಕುಡೀತಾಳ ಅಂತ."

"ಯಾರು ತಂದ್ಕೊಡ್ತಿದ್ರು?"

"ನಿಮ್ಮ ಸ್ವಾದರತ್ತಿ. ಸೆರಗಿನಾಗ ಚೊಂಬು ಮುಚ್ಚಿಕೊಂಡು ಬರಾಕಿ."

"ಕಳ್ಳ ನನ್ಮಗನೇ, ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಕೇಳಿದ್ದು ಯಾವಾಗ್ರೀ? ಬರೀ ಹೊಡದ್ರಿ."

ಪಾನಾ ಸಿಮೆಂಟ್ ನೆಲದ ಮೇಲೆ ಬಿದ್ದು ಠಣ್ ಎಂದಿತು.

ಜಿಗಣಿಯಿಂದ ಬೊಮ್ಮಸಂದ್ರಕ್ಕೆ ಮಹಾಲಕ್ಷ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುನಿರಾಜು ಟ್ಯಾಂಕರ್ ಓಡಿಸಿದ. ಎದೆಯೊಳಗೆ ಹತ್ತು ತಿಂಗಳಿಂದ ಉರಿಯುತ್ತಿದ್ದ ಕೊಳ್ಳಿ ಆರಿರಲಿಲ್ಲ; ಒಂದು ಮನೆಯ ಸೂರಿನಿಂದ ಇನ್ನೊಂದು ಮನೆಯ ಸೂರಿಗೆ ಹಾರಿತ್ತು, ಅಷ್ಟೆ. ಸೋದರಮಾವ ಬೈರಪ್ಪನ ಹೆಂಡತಿ ಕೃಷ್ಣಮ್ಮ. ಕೃಷ್ಣಮ್ಮತ್ತೆ! ಅಮ್ಮನ ಹೆಣದ ಮೇಲೆ ಬಿದ್ದು ಎಲ್ಲರಿಗಿಂತ ಜೋರಾಗಿ ಅತ್ತವಳು.

"ಗೊತ್ತಿಲ್ದೆ ಕೊಟ್ಟಿರ್ಬಹುದು," ಎಂದಳು ಮಹಾಲಕ್ಷ್ಮಿ, ಡಾಕ್ಟರು ಹೇಳಿದ ಇನ್ನೊಂದು ಮಾತನ್ನು ಸದ್ಯಕ್ಕೆ ನುಂಗಿಕೊಂಡು, ಅವನ ಗೆಣ್ಣು ಬೆಳ್ಳಗಾಗುವಂತೆ ಸ್ಟಿಯರಿಂಗ್ ಹಿಡಿದದ್ದನ್ನು ನೋಡುತ್ತ. "ಹಳ್ಳಿ ಕಡೆ ನೊರೆಹಾಲು ಅಂದ್ರೆ ಅಮೃತ. ನಾದಿನಿ ಮೂಳೆಗೆ ಬಲ ಬರ್ಲಿ ಅಂತ ಕೊಟ್ಟಿರ್ಬಹುದು. ನಾನು ಮಾತಾಡ್ತೀನಿ. ನೀವು ಸುಮ್ನಿರಿ."

ಅವನು ವೇಗ ಹೆಚ್ಚಿಸಿದ. ಅದು ಅವಳಿಗೆ ಹಿಡಿಸಲಿಲ್ಲ.

ಎರಡು ಕಾರ್ಖಾನೆಗಳ ಕಾಂಪೌಂಡ್ ಗೋಡೆಗಳ ನಡುವೆ ಹಳೇ ಊರು ಉಳಿದುಕೊಂಡಿತ್ತು. ಬೈರಪ್ಪ ಮನೆಯಲ್ಲಿರಲಿಲ್ಲ. ಕೊಟ್ಟಿಗೆಯ ಬಾಗಿಲು ತೆರೆದಿತ್ತು. ನಾಲ್ಕು ಸೀಮೆಹಸು ಸಾಲಾಗಿ ನಿಂತು ಹಿಂಡಿ ಮೇಯುತ್ತಿದ್ದವು. ಅವುಗಳಿಂದ ದೂರಕ್ಕೆ, ಹಿತ್ತಲ ಹೊಂಗೆ ಮರದಡಿ, ಕೆಂಪು ಹಸುವೊಂದನ್ನು ಬೇರೆಯಾಗಿ ಕಟ್ಟಿತ್ತು. ಅದಕ್ಕೆ ಬೇರೆ ನೀರಿನ ತೊಟ್ಟಿ. ಬೇರೆ ಮೇವು.

ಯಾರೋ ಕೆಮ್ಮಿದರು.

ಮುನಿರಾಜು ಬೆಚ್ಚಿ ಸುತ್ತ ನೋಡಿದ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಮತ್ತೊಮ್ಮೆ ಅದೇ ಒಣ ಕೆಮ್ಮು. ಕೆಂಪು ಹಸು ಕತ್ತು ಮುಂದಕ್ಕೆ ಚಾಚಿ, ನಾಲಿಗೆ ಹೊರಗೆ ಹಾಕಿ ಕೆಮ್ಮುತ್ತಿತ್ತು. ಪಕ್ಕೆಲುಬುಗಳು ಚರ್ಮದಡಿ ಒಂದೊಂದಾಗಿ ಎದ್ದು ಕಾಣುತ್ತಿದ್ದವು.

ಮಹಾಲಕ್ಷ್ಮಿ ಹತ್ತಿರ ಹೋದಳು. ಹಸುವಿನ ಕತ್ತಿನ ಮೇಲೆ ಎರಡು ಕಡೆ, ಅಂಗೈಯಷ್ಟಗಲ, ಕೂದಲು ಬೋಳಿಸಿದ ಗುರುತು. ಕೆಳಗಿನದರಲ್ಲಿ ಚರ್ಮ ದಪ್ಪಗೆ ಊದಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಮೂಗಿಗೆ ಸೆರಗು ಹಿಡಿದು, ಬಹಳ ಹೊತ್ತು ನೋಡಿದಳು.

"ಪಶು ಡಾಕ್ಟರ್ ಕ್ಷಯದ ಮದ್ದು ಚುಚ್ಚಿ ಪರೀಕ್ಷೆ ಮಾಡಿರೋ ಜಾಗ ಇದು," ಎಂದಳು ಮೆಲ್ಲಗೆ. "ಇವರಿಗೆ ಗೊತ್ತು."

"ಗೊತ್ತು ಕಣವ್ವ, ಗೊತ್ತಿಲ್ದೆ ಏನು! ಅನುಸೂಯ ಇದ್ದಾಗ್ಲೇ ಒಂದ್ಸಲ ಚುಚ್ಚಿ ಯೋಳಿದ್ರು, ಈ ವಾರ ಮತ್ತೆ ಚುಚ್ಚವ್ರೆ."

ಹಿಂಬಾಗಿಲಲ್ಲಿ ಕೃಷ್ಣಮ್ಮ ನಿಂತಿದ್ದಳು. ತೆಳ್ಳಗಿನ ಉದ್ದನೆಯ ಹೆಂಗಸು. ಕೈಗೆ ಹಿಂಡಿ ಮೆತ್ತಿತ್ತು. ಮುನಿರಾಜುವನ್ನು ಮೇಲಿಂದ ಕೆಳಗೆ ನೋಡಿದಳು.

"ಬಾರಪ್ಪ ಸನ್ಯಾಸಿ. ಗಡ್ಡ ಒಳ್ಳೆ ಒಪ್ತದೆ. ಒಂದು ಮಠ ಕಟ್ಟುಸ್ಬುಡು."

"ಅತ್ತೆ, ಅಮ್ಮಂಗೆ ಈ ಹಸುವಿನ ಹಾಲು ಕೊಟ್ಯಾ?"

"ಕೂತ್ಕೊ. ಮಜ್ಜಿಗೆ ಕೊಡ್ಲಾ?"

"ಅತ್ತೆ!"

"ಕೂಗ್ಬೇಡ. ಕೆಂದಿ ಬೆದರ್ತಾಳೆ."

ಮುನಿರಾಜು ಮುನ್ನುಗ್ಗುವುದಕ್ಕೆ ಮೊದಲೇ ಮಹಾಲಕ್ಷ್ಮಿ ನಡುವೆ ಬಂದಳು.

"ಕೃಷ್ಣಮ್ಮನವರೇ, ಇಂಜೆಕ್ಷನ್ ಮಾಡಿಸೋಕೆ ಅನುಸೂಯಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೋರು ನೀವೇ ಅಲ್ವಾ?"

"ಇನ್ಯಾರು? ಮಗನಿಗೆ ಟ್ಯಾಂಕರು, ಸೊಸೆಗೆ ಸ್ಕೂಲು. ಅತ್ತಿಗೆ ಒಬ್ಳಿದ್ದಾಳಲ್ಲ, ಹೋಗ್ತಾಳೆ."

"ಡಾಕ್ಟರಿಗೆ ನಿಮ್ಮ ನೆನಪಿದೆ. ಜ್ವರ ಬಂದ್ರೆ ತಕ್ಷಣ ಬನ್ನಿ, ಕೆಮ್ಮೋರ ಹತ್ರ ಹೋಗ್ಬೇಡಿ, ಹಸಿ ಹಾಲು ಮುಟ್ಟಬೇಡಿ ಅಂತ ಅವರು ಹೇಳಿದಾಗ ಅನುಸೂಯಮ್ಮ ಸುಮ್ನೆ ತಲೆ ಆಡಿಸಿದ್ರಂತೆ. ನೀವು ಮಾತ್ರ ಕೇಳಿದ್ರಂತೆ, 'ಕುಡಿದ್ರೆ ಏನಾಗ್ತದೆ ಸಾಮಿ?' ಅಂತ. ಅವರು ಹೇಳಿದ್ರು. ನೀವು ಮತ್ತೊಂದ್ಸಲ ಕೇಳಿದ್ರಿ. ಇಷ್ಟು ಕಾಳಜಿ ಮಾಡೋ ಅತ್ತಿಗೆ ಯಾರಿಗೆ ಸಿಗ್ತಾರೆ ಅಂದ್ಕೊಂಡ್ರಂತೆ ಡಾಕ್ಟ್ರು."

ಕೃಷ್ಣಮ್ಮ ನಕ್ಕಳು. ಸದ್ದಿಲ್ಲದ ನಗು.

"ಒಳ್ಳೆ ಮನುಷ್ಯ. ಅರ್ಥ ಆಗೋ ಅಂಗೆ ಯೋಳ್ತಾನೆ. ಮನೆ ಕಾಯೋ ನಾಯಿ ಮಲಗೈತೆ, ಬಾಗಿಲು ತೆಗೀಬ್ಯಾಡಿ ಅಂದ. ನಾನು ಬಾಗಿಲು ತೆಗ್ದೆ."

ಮುನಿರಾಜು ಮಹಾಲಕ್ಷ್ಮಿಯನ್ನು ಪಕ್ಕಕ್ಕೆ ಸರಿಸಿದ.

"ಅಮ್ಮ ಯಾಕೆ ಕುಡಿದ್ಲು? ಡಾಕ್ಟ್ರು ಬೇಡ ಅಂದಿದ್ದು ಅವಳಿಗೂ ಗೊತ್ತಿತ್ತಲ್ಲ!"

"ತೌರು ಕಣೋ! ತೌರಿನ ಆಲು ವಿಷ ಆದಾತಾ? ನಾನು ಬಲವಂತ ಮಾಡ್ಲಿಲ್ಲ. 'ಅನುಸೂಯಾ, ನಿಮ್ಮಪ್ಪ ಕಟ್ಟಿದ ಕೊಟ್ಟಿಗೆ ಆಲು, ನೊರೆ ಆರೋದ್ರೊಳಗೆ ಕುಡಿ, ಮೂಳೆಗೆ ಒಳ್ಳೇದು' ಅಂದೆ. ಅದೇ ವಾರ ಸೂಜಿ ಔಷ್ದಿ ಹಿಡೀತು, ಬೆರಳು ಬಿಡ್ತು. ನಿಮ್ಮವ್ವ ಏನಂದ್ಲು ಗೊತ್ತಾ? 'ಇಷ್ಟು ದೊಡ್ಡ ಔಷ್ದಿ ಮಾಡ್ದಿದ್ದನ್ನ ನಮ್ಮಪ್ಪನ ಮನೆ ಆಲು ಮಾಡ್ತು ಕಣತ್ತಿಗೆ' ಅಂದ್ಲು. ಆಮ್ಯಾಕೆ ಒಂದಿನ ನಾನು ತಡವಾದ್ರೆ ಬಾಗಿಲಿಗೆ ಬಂದು ನಿಂತ್ಕಳೋಳು. ಮನೇಲಿ ಗೊತ್ತಾದ್ರೆ ಬೈತಾರೆ ಅಂತ ಹಿತ್ತಲಲ್ಲಿ ಕುಡಿಯೋಳು."

ಮೇವಿನ ರಾಶಿಯಲ್ಲಿ ಕುಡುಗೋಲು ಸಿಕ್ಕಿಸಿತ್ತು. ಮುನಿರಾಜುವಿನ ಕೈಗೆ ಅದು ಯಾವಾಗ ಬಂತೋ ಅವನಿಗೇ ತಿಳಿಯಲಿಲ್ಲ.

"ಮುನಿರಾಜು, ಬೇಡ!" ಮಹಾಲಕ್ಷ್ಮಿ ಅವನ ತೋಳು ಹಿಡಿದಳು. ಒಂದೇ ಕೊಡಹಿಗೆ ಅವಳು ಗೋಡೆಗೆ ಹೋಗಿ ಬಿದ್ದಳು.

"ಯಾಕೆ?" ಎಂದ ಅವನು. ಧ್ವನಿ ಒಡೆದಿತ್ತು. "ಯಾಕತ್ತೆ? ನಿನಗೆ ಅವಳು ಏನು ಮಾಡಿದ್ಲು?"

"ಏನು ಮಾಡಿದ್ಲು!" ಕೃಷ್ಣಮ್ಮ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. "ನನ್ನ ಸೌಮ್ಯನ ನೀನು ಮದುವೆ ಆಗ್ಬೇಕಿತ್ತು. ಹುಟ್ಟಿದಾಗಿಂದ ಆಡ್ಕೊಂಡಿದ್ದ ಮಾತು. ಮಗೂಗೆ ಚಿಕ್ಕಂದಿನಲ್ಲಿ ಕತ್ತಲ್ಲಿ ಕ್ಷಯದ ಗಂಟಾಗಿತ್ತು. ಮಾತ್ರೆ ನುಂಗಿ ವಾಸಿಯೂ ಆಗಿತ್ತು. ಅದು ನಿಮ್ಮವ್ವಂಗೆ ಒಬ್ಬಳಿಗೇ ಗೊತ್ತಿದ್ದಿದ್ದು, ನಾನೇ ನಂಬಿ ಯೋಳಿದ್ದು. ಒಪ್ಪಂದದ ದಿನ, ಎಲೆ ಅಡಿಕೆ ತಟ್ಟೆ ಮುಂದೆ, ಅಷ್ಟು ಜನ ನೆಂಟ್ರ ಮುಂದೆ ಏನಂದ್ಲು? 'ಕ್ಷಯ ಬಂದ ಹೆಣ್ಣು ನಮಗೆ ಬ್ಯಾಡ, ನಾಳೆ ಮೊಮ್ಮಕ್ಕಳು ಕೆಮ್ತಾವೆ' ಅಂದ್ಲು. ಆನೇಕಲ್ ತಾಲ್ಲೂಕಲ್ಲಿ ಆಮ್ಯಾಕೆ ಒಬ್ಬ ನನ್ನ ಮನೆ ಹೊಸಿಲು ತುಳೀಲಿಲ್ಲ. ನೀನಲ್ಲೇ ಕೂತಿದ್ದೆ. ನೀನೇನಂದೆ?"

ಮುನಿರಾಜು ತುಟಿ ಒದ್ದೆ ಮಾಡಿಕೊಂಡ.

"ನಾನೇನೂ ಅನ್ಲಿಲ್ಲ."

"ಊಂ. ಏನೂ ಅನ್ಲಿಲ್ಲ." ಅವಳ ಕಣ್ಣು ಒಣಗಿಯೇ ಇತ್ತು. "ಎರಡು ವರ್ಷ ಸೌಮ್ಯ ಬಾಗಿಲಾಚೆ ಬರ್ಲಿಲ್ಲ. ಆಮ್ಯಾಕೆ ಒಂದಿನ ಬಾಗಿಲೇ ತೆಗೀಲಿಲ್ಲ. ಅವತ್ತು ನಾನೂ ಆಣೆ ಇಟ್ಟಿದ್ದೆ ರಾಜು. ನಿನ್ನಂಗೆ ಗಡ್ಡ ಬಿಡಕ್ಕೆ ನಂಗೆ ಗಡ್ಡ ಇರ್ಲಿಲ್ಲ. ಯಾವ ರೋಗದ ಹೆಸರೇಳಿ ನನ್ನ ಮಗಳನ್ನ ಸುಟ್ಲೋ ಅದೇ ರೋಗದಲ್ಲಿ ಅವಳು ಹೋಗ್ಬೇಕು. ಹೋದ್ಲು. ಮೂರು ಊರಿನೋರು ಮೂಗು ಮುಚ್ಕೊಂಡು ಮಣ್ಣಿಗೆ ಬಂದ್ರು. ಕಣ್ತುಂಬ ನೋಡ್ದೆ."

ಕುಡುಗೋಲು ಮೇಲೆದ್ದಿತು. ಬಿಸಿಲು ಅದರ ಬಾಯಿಯ ಮೇಲೆ ಹರಿದಾಡಿತು. ಹತ್ತು ತಿಂಗಳು ಅವನು ಕನಸಿನಲ್ಲಿ ಎತ್ತಿದ ಕೈ ಇದೇ. ಕನಸಿನಲ್ಲಿ ಎದುರಿಗಿದ್ದವನು ಮಾತ್ರ ಯಂಕಪ್ಪ. ಈಗ ಬಾಲ್ಯದಲ್ಲಿ ತುತ್ತಿಟ್ಟು ಬೆಳೆಸಿದವಳು ತಲೆ ಬಗ್ಗಿಸದೆ ನಿಂತಿದ್ದಳು.

"ಕೊಚ್ಚು," ಎಂದಳು ಕೃಷ್ಣಮ್ಮ. "ನೀನು ಬರ್ಲಿ ಅಂತಲೇ ಕಾಯ್ತಿದ್ದೆ. ನಂಗೂ ಸಾಕಾಗೈತೆ. ಆದ್ರೆ ಕೊಚ್ಚೋಕ್ ಮುಂಚೆ ಒಂದು ಮಾತು ಕೇಳು. ಕೊಚ್ಚಿದ ಮ್ಯಾಲೆ ನಾನು ಯೋಳಕ್ಕಾಗಲ್ಲ."

ಅವಳು ಹಿಂಡಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಗೋಡೆ ಹಿಡಿದು ಏಳುತ್ತಿದ್ದ ಮಹಾಲಕ್ಷ್ಮಿ ಅಲ್ಲೇ ನಿಂತಳು.

"ನಾನು ತರ್ತಿದ್ದಿದ್ದು ಒಂದು ಬಾಯಿಗೆ. ಒಂದಿನ ಹೊಸ್ತಿಲು ದಾಟಿ ಹಿತ್ತಲಿಗೆ ಬಂದ್ರೆ ನಿಮ್ಮವ್ವ ನಿನ್ನ ಮಗಳನ್ನ ತೊಡೆ ಮ್ಯಾಲೆ ಕೂರುಸ್ಕೊಂಡವಳೆ. ಅಜ್ಜಿ ಕುಡಿದು ಬಿಟ್ಟ ಚೊಂಬು ಮಗು ಬಾಯಲ್ಲಿ. ಮೂತಿ ತುಂಬ ನೊರೆ. 'ದಿನಾ ಇವಳಿಗೊಂದು ಗುಟುಕು ಬೇಕು ಕಣತ್ತಿಗೆ' ಅಂತ ನಗ್ತಾವಳೆ. ನನ್ನ ಜೀವ ಬಾಯಿಗೆ ಬಂತು. ಅವತ್ತಿಗೇ ಆಲು ನಿಲ್ಲಿಸ್ದೆ, ಕೆಂದಿ ಬತ್ತಿದ್ಲು ಅಂದೆ. ಮಗು ಸೂಜಿ ಚುಚ್ಚಿಸ್ಕೊಂಡಿಲ್ಲ, ಅದರ ಮೈ ಕಾಯೋ ನಾಯಿ ಎದ್ದೇ ಐತೆ, ಏನೂ ಆಗಲ್ಲ ಅಂತ ಮನಸ್ಸಿಗೆ ಯೋಳ್ಕೊಂಡೆ."

"ಏನು ಹೇಳ್ತಿದೀಯ ನೀನು?"

"ಹೋದ ವಾರ ಚಂದಾಪುರದ ಗೃಹಪ್ರವೇಶದಲ್ಲಿ ನಿನ್ನ ಮಗೂಗೆ ನಾನೇ ಜಡೆ ಹಾಕಿದ್ದು. ಕೂದಲು ಎತ್ತಿದ್ರೆ ಬೆರಳಿಗೆ ಸಿಕ್ತು. ಕಿವಿ ಕೆಳಗೆ ಒಂದು. ಅದರ ಕೆಳಗೆ ಇನ್ನೊಂದು. ಗೋಲಿಯಂಗೆ." ಕೃಷ್ಣಮ್ಮ ತನ್ನ ಕತ್ತನ್ನೇ ಮುಟ್ಟಿಕೊಂಡು ತೋರಿಸಿದಳು. "ಸೌಮ್ಯಂಗೂ ಇಲ್ಲೇ ಶುರುವಾಗಿದ್ದು. ಈ ಬೆರಳಿಗೆ ಅದು ಮರೀತದಾ ರಾಜು?"

ಹೊಂಗೆ ಮರದಡಿ ಹಸು ಮತ್ತೆ ಕೆಮ್ಮಿತು.

"ಫೋನ್ ಮಾಡಿ ಮನೆಗೆ," ಎಂದಳು ಮಹಾಲಕ್ಷ್ಮಿ. "ಈಗಲೇ. ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ. ಮಾತ್ರೆ ಇದೆ, ವಾಸಿಯಾಗುತ್ತೆ. ಅವರ ಸೌಮ್ಯಂಗೆ ಆಗ್ಲಿಲ್ವಾ?"

ಕುಡುಗೋಲು ಬಲಗೈಯಲ್ಲೇ ಇತ್ತು. ಎಡಗೈಯಲ್ಲಿ ಅವನು ಹೆಂಡತಿಯ ನಂಬರು ಒತ್ತಿದ. ಹೆಬ್ಬೆರಳು ತಾಗಿ ಸ್ಪೀಕರ್ ಹತ್ತಿಕೊಂಡಿತು.

"ವನಜಾ, ಪಾಪೂ ಎಲ್ಲಿ? ಅವಳ ಕತ್ತು ನೋಡು. ಕಿವಿ ಕೆಳಗೆ..."

ಆ ಕಡೆಯಿಂದ ವನಜಾಳ ಪಿಸುಮಾತು.

"ಯಾರ್ರೀ ಹೇಳಿದ್ದು ನಿಮಗೆ? ಮೆಲ್ಲಗೆ ಮಾತಾಡಿ. ಪಕ್ಕದಲ್ಲಿ ಯಾರಿದಾರೆ?"

"ನಿಂಗೆ ಗೊತ್ತಿತ್ತಾ?"

"ತಿಂಗಳಾಯ್ತು ನೋಡಿ. ಮಾವನೋರಿಗೆ ಮಾತ್ರ ಹೇಳಿದ್ದೆ. ಡಾಕ್ಟರ್ ಹತ್ರ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ, ಯಾರೋ ಗಂಟಿಗೆ ಬರೆ ಹಾಕೋರಿದಾರಂತೆ, ಕಾದ ಕಬ್ಬಿಣ ಮುಟ್ಟಿಸಿದ್ರೆ ಕರಗೋಗುತ್ತಂತೆ ಅಂದ್ರು. ಈಗಷ್ಟೇ ಸ್ಕೂಲಿಂದ ನೇರ ಕರ್ಕೊಂಡು ಹೋದ್ರು."

"ಎಲ್ಲಿಗೆ? ವನಜಾ, ಎಲ್ಲಿಗೆ ಕರ್ಕೊಂಡು ಹೋದ ಅಪ್ಪ?"

"ನಂಗೂ ಹೇಳ್ಲಿಲ್ಲ ಕಣ್ರೀ. ಫೋನೂ ಆಫ್ ಮಾಡಿದಾರೆ. ಹೆಣ್ಣು ಮಗು, ಒಬ್ಬರಿಗೂ ತಿಳೀಬಾರ್ದು ಅಂದ್ರು."